ಮೂವತ್ತೆಂಟೂವರೆ ಚದರ ಅಡಿಯ ಹಪ್ಪಳ

ಏಪ್ರಿಲ್ 8, 2003

‘ಅಂಚು ಎಷ್ಟೋ ಒಳಗೂ ಅಷ್ಟೇ.’ ಬೆಳಗಿನಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಇದಕ್ಕೆ ಹಿಂದೊಂದು ಸಾಲಿತ್ತು, ಮುಂದೊಂದಿತ್ತು. ಎರಡೂ ಜಾರಿಹೋಗಿವೆ. ಯಾರದೆಂದೂ ನೆನಪಿಲ್ಲ. ಅದಿರಲಿ, ಮಾತಾದರೂ ನಿಜವೇ? ಒಳಗು ಅಂಚಿನಷ್ಟೇ ಇದ್ದಿದ್ದರೆ ಬಾವಿಯೊಳಗೆ ಯಾರೂ ಇಣುಕುತ್ತಿರಲಿಲ್ಲ.

ಹುಡುಕೋಣವೆಂದರೆ ಪುಸ್ತಕಗಳನ್ನೆಲ್ಲ ಹಗ್ಗ ಹಾಕಿ ಕಟ್ಟಿಟ್ಟಿದ್ದೇನೆ. ಮೇ ಇಪ್ಪತ್ತಕ್ಕೆ ಗಜಾನನಣ್ಣ ಶೃಂಗೇರಿಯಿಂದ ಜೀಪು ತರುತ್ತಾನೆ. ಅವನ ಮನೆಯ ಮಾಳಿಗೆಯ ಕೋಣೆ ನನಗೆ. ಜನವರಿಯಲ್ಲಿ ಅಮ್ಮ ಹೋದಳು, ಮಾರ್ಚಿನಲ್ಲಿ ಕಾಲೇಜಿನ ತಾತ್ಕಾಲಿಕ ಪಾಠವೂ ಮುಗಿಯಿತು. ಇನ್ನು ಕೊಪ್ಪದಲ್ಲಿ ನನಗೆಂತ ಕೆಲಸ?

ಸಂಜೆ ಬಾಗಿಲ ಮೇಲೆ ಸದ್ದು. ಪಕ್ಕದ ಮನೆಯ ಪ್ರೇಮಕ್ಕ. ಅವರು ಬಾಗಿಲನ್ನು ರೊಟ್ಟಿ ತಟ್ಟಿದ ಹಾಗೆ ಎರಡೂ ಅಂಗೈಯಿಂದ ತಟ್ಟುತ್ತಾರೆ. ಅಮ್ಮನ ಬಗ್ಗೆ ಇನ್ನೊಮ್ಮೆ ಸಮಾಧಾನ ಕೇಳುವ ಶಕ್ತಿ ನನಗಿರಲಿಲ್ಲ. ತೆಗೆಯಲಿಲ್ಲ.

ಏಪ್ರಿಲ್ 11

ಇವತ್ತು ಮತ್ತೆ ಬಂದರು.

“ಗೋದಕ್ಕಾ, ಇದ್ದೀರೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅನ್ನಿ, ನಾನು ಹೋಗ್ತೀನಿ.”

“ಇಲ್ಲ” ಎಂದೆ. ಆಮೇಲೆ ಚಿಲಕ ತೆಗೆಯದೆ ದಾರಿ ಇರಲಿಲ್ಲ.

ಅಮ್ಮನ ವಿಷಯವಲ್ಲ, ಹಪ್ಪಳದ ವಿಷಯ. ಪ್ರೇಮಕ್ಕ ಬಹಳ ವರ್ಷಗಳಿಂದ ಬಸ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಹಲಸಿನ ಹಪ್ಪಳ ಮಾರುತ್ತಾರೆ. ಅದೇ ಮೆಟ್ಟಿಲ ಕೆಳಗೆ ಒಂದು ಮಳಿಗೆ ಖಾಲಿ ಇದೆ. ಹನ್ನೊಂದು ಅಡಿ ಉದ್ದ, ಮೂರೂವರೆ ಅಡಿ ಅಗಲ. ಮಳಿಗೆ ಎನ್ನುವುದಕ್ಕಿಂತ ಓಣಿ. ಅದನ್ನು ಯಾವುದಾದರೂ ಸ್ತ್ರೀಶಕ್ತಿ ಸಂಘಕ್ಕೆ ಕೊಡುತ್ತಾರಂತೆ. ಪ್ರೇಮಕ್ಕನದೂ ಅಂಥದೊಂದು ಸಂಘವಿದೆ.

“ಮಳೆ ಹಿಡೀತು ಅಂದ್ರೆ ಮೆಟ್ಟಿಲ ಮೇಲೆ ಕೂರಂಗಿಲ್ಲ. ಮೂರು ತಿಂಗಳು ಹಪ್ಪಳ ಡಬ್ಬದಲ್ಲಿ ಮೆತ್ತಗಾಗ್ತದೆ, ನಾವು ಮನೇಲಿ ಮೆತ್ತಗಾಗ್ತೀವಿ. ಈ ಮಳಿಗೆ ಒಂದು ಸಿಕ್ಕಿದ್ರೆ ನಾನು ಮತ್ತೆ ಯಾವ ದೇವರಿಗೂ ತೊಂದರೆ ಕೊಡಲ್ಲ, ನಿಮಗೂ ಕೊಡಲ್ಲ.”

ಆದರೆ ಮಳಿಗೆ ಹಂಚುವ ಅಧಿಕಾರಿ ಪರಮಶಿವಯ್ಯನವರ ಷರತ್ತು ಒಂದಿದೆ. ಮಳಿಗೆಯ ವಿಸ್ತೀರ್ಣಕ್ಕೆ ಸಮನಾದ ಸರಕನ್ನು ಒಂದೇ ಸಲಕ್ಕೆ ತೋರಿಸಬೇಕು. ಅರೆಬರೆ ಸರಕಿನವರಿಗೆ ಕೊಟ್ಟರೆ ಉಳಿದರ್ಧ ಮಳಿಗೆಯಲ್ಲಿ ನಾಯಿ ಮಲಗುತ್ತದೆ ಎನ್ನುವುದು ಅವರ ಅನುಭವ. ಪ್ರೇಮಕ್ಕ ಇನ್ನೂರು ಹಪ್ಪಳ ಹರಡಿ ತೋರಿಸಿದರಂತೆ. ಅವರು ಬಗ್ಗಿ ನೋಡಿ, ದುಂಡಗಿನ ಹಪ್ಪಳಗಳ ನಡುವೆ ಸಂದು ಇದೆ, ಸಂದು ಅಂದರೆ ಖಾಲಿ ಜಾಗ, ಅದನ್ನು ಸರಕು ಎನ್ನಲಾಗದು ಎಂದರಂತೆ.

“ಅದಕ್ಕೇ ಒಂದೇ ಹಪ್ಪಳ ಮಾಡೋದು ಅಂತ. ಸಂದೇ ಇರಬಾರ್ದು. ಎಷ್ಟು ದೊಡ್ಡದು ಮಾಡಬೇಕು, ಲೆಕ್ಕ ಹಾಕಿ ಕೊಡಿ.”

“ಚೌಕದ್ದು ಮಾಡಿ ಪ್ರೇಮಕ್ಕ.”

ನಾನು ಏನೋ ಅಶ್ಲೀಲ ಆಡಿದೆ ಅನ್ನುವಂತೆ ನೋಡಿದರು. “ಚೌಕದ ಹಪ್ಪಳ ಯಾರಾದ್ರೂ ತಿಂತಾರಾ ಮಾರಾಯ್ರೆ?”

“ಲೆಕ್ಕ ನನಗೆಲ್ಲಿ ಬರ್ತದೆ? ನಾನು ಓದಿದ್ದು ಕನ್ನಡ ಎಂ.ಎ.”

“ಎಂ.ಎ. ಅಂದ್ಮೇಲೆ ಎಲ್ಲಾ ಅದರೊಳಗೇ ಬಂತಲ್ಲ.”

ಅವರು ಹೋದ ಮೇಲೆ ಕೂತೆ. ಹನ್ನೊಂದು ಇಂಟು ಮೂರೂವರೆ, ಮೂವತ್ತೆಂಟೂವರೆ. ಇದು ವೃತ್ತದ ವಿಸ್ತೀರ್ಣವಾಗಬೇಕು. ಹೈಸ್ಕೂಲಿನ ಇಪ್ಪತ್ತೆರಡು ಬೈ ಏಳು ಹೇಗೋ ನೆನಪಾಯಿತು. ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿದರೆ ಹನ್ನೆರಡೂಕಾಲು. ಅದರ ವರ್ಗಮೂಲ ಮೂರೂವರೆ. ಶೇಷವೇ ಇಲ್ಲ! ಕವಿತೆಯ ಕೊನೆಯ ಸಾಲು ತಾನಾಗಿ ಬಂದು ಕೂತಂತೆ ಆಯಿತು. ಏಳು ಅಡಿ ಅಗಲದ ಹಪ್ಪಳ. ಸುತ್ತಳತೆ ಇಪ್ಪತ್ತೆರಡು ಅಡಿ.

ಗೋಡೆಯ ಮೇಲಿಂದಲೇ ಕೂಗಿ ಹೇಳಿದೆ. ನನ್ನ ದನಿ ಇಷ್ಟು ಜೋರಿದೆಯೆಂದು ಗೊತ್ತಿರಲಿಲ್ಲ.

ಏಪ್ರಿಲ್ 14

ಪ್ರೇಮಕ್ಕ ನನ್ನನ್ನು ಪರಮಶಿವಯ್ಯನವರ ಕಚೇರಿಗೆ ಎಳೆದುಕೊಂಡು ಹೋದರು. ಅವರು ಮೊದಲು ಸರ್ವೆಯಲ್ಲಿದ್ದವರು. ಏನನ್ನು ಕಂಡರೂ ಜಮೀನಿನ ಹಾಗೆ ಕಾಣುತ್ತದೆ.

“ಏಳು ಅಡಿ ಹಪ್ಪಳ. ಸರಿ. ಚೆಕ್ಕುಬಂದಿ ಹೇಳಿ. ಪೂರ್ವಕ್ಕೆ ಏನಿದೆ?”

“ಪೂರ್ವಕ್ಕೆ ಅಂಚಿದೆ ಸ್ವಾಮಿ” ಎಂದರು ಪ್ರೇಮಕ್ಕ.

“ಪಶ್ಚಿಮಕ್ಕೆ?”

“ಅದೇ ಅಂಚು ಸುತ್ತಿ ಬಂದಿರ್ತದೆ.”

ಪೆನ್ನು ಕೆಳಗಿಟ್ಟರು. “ಈ ದುಂಡಗಿನ ಸ್ವತ್ತಿನದು ಇದೇ ರಗಳೆ. ಎಲ್ಲಿ ನಿಂತರೂ ಗಡಿಯೇ. ವಿಸ್ತೀರ್ಣ ಹೇಗೆ ತೆಗೆದಿರಿ?”

ನಾನು ಇಪ್ಪತ್ತೆರಡು ಬೈ ಏಳು ಹೇಳಿದೆ.

“ಯಾವ ಇಪ್ಪತ್ತೆರಡು? ಯಾರ ಏಳು?”

“ಎಲ್ಲ ವೃತ್ತಕ್ಕೂ ಅದೇ ಸಾರ್.”

“ಎಲ್ಲದಕ್ಕೂ ಒಂದೇ ರೇಟು ಅಂದರೆ ನನಗೆ ಅನುಮಾನವೇ. ಚದರ ಅಡಿ ಅಂದ ಮೇಲೆ ಚದರ ನನ್ನ ಕಣ್ಣಿಗೆ ಬೀಳಬೇಕು. ಮೇ ಹನ್ನೆರಡಕ್ಕೆ ತನ್ನಿ, ನೋಡೋಣ. ನರಸಿಂಹರಾಜಪುರದ ಕಡೆಯಿಂದಲೂ ಬರ್ತಾರೆ. ಮುತ್ತಿನಕೊಪ್ಪದ ಯಮುನಮ್ಮನ ಸಂಘ ದೊಡ್ಡ ಚಕ್ಕುಲಿ ಮಾಡ್ತಾ ಇದೆ.”

ಮನೆ ಹತ್ತಿರ ಬಂದಾಗ ಪ್ರೇಮಕ್ಕ, “ಚಕ್ಕುಲಿಯಲ್ಲಿ ಬರೀ ಸಂದೇ ಅಲ್ವಾ?” ಎಂದು ಮೆಲ್ಲಗೆ ಕೇಳಿದರು.

ಏಪ್ರಿಲ್ 17

ಬಾಗಿಲು ಹೋಯಿತು.

ನಡೆದದ್ದು ಹೀಗೆ. ಪ್ರೇಮಕ್ಕನ ಮಾಮೂಲಿ ಹಪ್ಪಳ ಅರ್ಧ ಅಡಿ ಅಗಲ, ಅದಕ್ಕೆ ಒಂದು ಉಂಡೆ ಹಿಟ್ಟು. ಒಂದು ಅಡಿಯ ದೊಡ್ಡ ಹಪ್ಪಳವನ್ನೂ ಮಾಡುತ್ತಾರೆ, ಅದಕ್ಕೆ ಎರಡು ಉಂಡೆ. ಅವರ ಅತ್ತೆಯ ಕಾಲದಿಂದ ಇದೇ ಪದ್ಧತಿ. ಹಾಗಾದರೆ ಏಳು ಅಡಿಗೆ ಹದಿನಾಲ್ಕು ಉಂಡೆ. ನಾನೂ ತಲೆಯಾಡಿಸಿದೆ. ಅಂಚು ಎಷ್ಟೋ ಒಳಗೂ ಅಷ್ಟೇ ತಾನೆ?

ನನ್ನ ಅಂಗಳಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಇಲ್ಲೇ ಪ್ಲಾಸ್ಟಿಕ್ ಹಾಳೆ ಹಾಸಿದರು. ಎಣ್ಣೆ ಸವರಿ, ನಡುವೆ ಉಂಡೆಗಳನ್ನಿಟ್ಟು, ಮೇಲೊಂದು ಹಾಳೆ. ಇನ್ನು ಒತ್ತುವುದು ಯಾವುದರಿಂದ? ಪ್ರೇಮಕ್ಕನ ಗಂಡ ವೃಷಭೇಂದ್ರಪ್ಪನವರು ಡಾಂಬರು ರಸ್ತೆಯ ರೋಲರ್ ಓಡಿಸಿ ನಿವೃತ್ತರಾದವರು. “ಹೇಳಿದ್ರೆ ಒಂದು ಗಂಟೆಗೆ ರೋಲರ್ ತರಿಸ್ತೀನಿ” ಎಂದರು.

“ಹಪ್ಪಳಕ್ಕೆ ಜಲ್ಲಿ ಹಾಕೋದೊಂದು ಬಾಕಿ, ಸುಮ್ನಿರಿ” ಎಂದ ಪ್ರೇಮಕ್ಕ ಸುತ್ತ ನೋಡಿದರು. ಅವರ ಕಣ್ಣು ನನ್ನ ಬೆನ್ನ ಹಿಂದೆ ನಿಂತಿತು.

“ಗೋದಕ್ಕಾ, ನಿಮ್ಮ ಬಾಗಿಲು ಎಷ್ಟು ಅಡಿ?”

ಏಳು ಅಡಿ. ಹಳೆಯ ಹಲಸಿನ ಹಲಗೆ. ನಾನು ಏನಾದರೂ ಹೇಳುವ ಮೊದಲೇ ವೃಷಭೇಂದ್ರಪ್ಪ ಅದನ್ನು ಕೀಲಿನಿಂದ ಎತ್ತಿಯಾಗಿತ್ತು. ಹಾಳೆಯ ಮೇಲೆ ಬಾಗಿಲಿಟ್ಟು, ಅದರ ಮೇಲೆ ನಾವು ಮೂವರೂ ಹತ್ತಿ, ಇಳಿದು, ಗಡಿಯಾರದ ಮುಳ್ಳಿನ ಹಾಗೆ ಒಂದಿಷ್ಟು ತಿರುಗಿಸಿ, ಮತ್ತೆ ಹತ್ತಿ. ಮಧ್ಯಾಹ್ನದ ಹೊತ್ತಿಗೆ ಏಳು ಅಡಿ ಆಯಿತು. ಆದರೆ ಮೇಲಿನ ಹಾಳೆ ತೆಗೆದರೆ ಹಪ್ಪಳ ಕಾಣಿಸಲಿಲ್ಲ. ಇದೆ ಎಂದು ಗೊತ್ತು, ಕಾಣುವುದು ಮಾತ್ರ ಅಂಗಳ. ಅದರ ಮೂಲಕ ಒಂದು ಇರುವೆ ನಡೆದುಹೋಗುವುದನ್ನು ನೋಡಿದೆ. ಅದು ಹಾಳೆಯ ಅಡಿಯಲ್ಲಿತ್ತು.

“ಹದಿನಾಲ್ಕು ಉಂಡೆ ಎಲ್ಲಿಗೆ ಹೋಯ್ತು?” ಪ್ರೇಮಕ್ಕ ನೆಲದ ಮೇಲೆ ಕೂತುಬಿಟ್ಟರು.

ಒಣಗಿದ ಮೇಲೆ ಗಟ್ಟಿಯಾದೀತು ಎಂದು ನಾವು ಕಾಫಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ಎದುರುಮನೆಯ ದನ ಬಂದು ನಡುವಿನ ಭಾಗವನ್ನು ನೆಕ್ಕಿಬಿಟ್ಟಿತ್ತು. ಉಂಗುರದ ಹಾಗೆ ಅಂಚು ಮಾತ್ರ ಉಳಿದಿತ್ತು. ವೃಷಭೇಂದ್ರಪ್ಪ ಟೇಪು ಹಿಡಿದು ಸುತ್ತ ಅಳೆದು, “ಇಪ್ಪತ್ತೆರಡು ಅಡಿ. ಸುತ್ತಳತೆ ಸರಿಯಾಗಿದೆ” ಎಂದು ಹೆಂಡತಿಗೆ ಧೈರ್ಯ ಹೇಳಿದರು.

ಹೌದು, ಸುತ್ತಳತೆಗೆ ಏನೂ ಆಗಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಬಾಗಿಲು ತೊಳೆದು ಒಣಗಲು ಇಟ್ಟಿದ್ದಾರೆ. ಸದ್ಯಕ್ಕೆ ಬಾಗಿಲ ಜಾಗಕ್ಕೆ ಹಳೆಯ ಹೊದಿಕೆ ಕಟ್ಟಿದ್ದೇನೆ.

ಏಪ್ರಿಲ್ 19

ಸಿಕ್ಕಿತು! ಆ ಸಾಲಲ್ಲ, ಲೆಕ್ಕದ ತಪ್ಪು.

ಅಗಲ ಎರಡರಷ್ಟಾದರೆ ಒಳಗು ಎರಡರಷ್ಟಲ್ಲ, ನಾಲ್ಕರಷ್ಟು. ಅಗಲ ಹದಿನಾಲ್ಕರಷ್ಟಾದರೆ ಒಳಗು ಹದಿನಾಲ್ಕು ಹದಿನಾಲ್ಕಲೆ, ಅಂದರೆ ನೂರ ತೊಂಬತ್ತಾರು ಉಂಡೆ. ಆ ಸಾಲು ಬರೆದವರು ಯಾರೇ ಇರಲಿ, ಹಪ್ಪಳ ಮಾಡಿದವರಲ್ಲ.

ಓಡಿಹೋಗಿ ಪ್ರೇಮಕ್ಕನಿಗೆ ಹೇಳಿದೆ. ನಂಬಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆ. ಅವರ ಒಂದು ಅಡಿಯ ಹಪ್ಪಳಕ್ಕೂ ನಾಲ್ಕು ಉಂಡೆ ಬೇಕು, ಅವರು ಹಾಕುತ್ತಿದ್ದದ್ದು ಎರಡು. ಅರ್ಧದಷ್ಟೇ ದಪ್ಪ.

ಪ್ರೇಮಕ್ಕ ಡಬ್ಬದಿಂದ ಸಣ್ಣದೊಂದು, ದೊಡ್ಡದೊಂದು ತೆಗೆದು ಎರಡನ್ನೂ ಬೆಳಕಿಗೆ ಹಿಡಿದರು. “ಅಯ್ಯೋ ಶಿವನೆ! ದೊಡ್ಡ ಹಪ್ಪಳ ಅಷ್ಟು ಗರಿಗರಿ ಅಂತ ಎಲ್ಲರೂ ಹೇಳದು ಇದಕ್ಕಾ? ನಮ್ಮತ್ತೆ ಕೈಗುಣ ಅಂತ ಅವರ ಫೋಟೋಕ್ಕೆ ಹೂ ಹಾಕ್ತಿದ್ನಲ್ಲ ನಾನು!”

“ಹೂ ನಿಲ್ಲಿಸಬೇಡಿ” ಎಂದೆ. “ತಪ್ಪಾದರೂ ರುಚಿ ಇದೆಯಲ್ಲ.”

ಅವರು ನಕ್ಕಿದ್ದು ನೋಡಿ ನನಗೂ ನಗು ಬಂತು. ಮನೆಗೆ ಬಂದ ಮೇಲೂ ಸ್ವಲ್ಪ ಉಳಿದಿತ್ತು.

ಏಪ್ರಿಲ್ 26

ಮೂರು ಹಲಸಿನಕಾಯಿ, ಸಂಘದ ಹೆಂಗಸರೆಲ್ಲ ನನ್ನ ಮನೆಯಲ್ಲಿ. ಒಬ್ಬರಿಗೂ ಒಳಗೆ ಬರಲು ಕೇಳಬೇಕೆನಿಸಲಿಲ್ಲ, ಬಾಗಿಲೇ ಇಲ್ಲವಲ್ಲ. ಅಡುಗೆಮನೆಯಲ್ಲಿ ತೊಳೆ ಬೇಯುತ್ತಿದೆ, ನಡುಮನೆಯಲ್ಲಿ ಒನಕೆ ಬೀಳುತ್ತಿದೆ, ಅಮ್ಮ ಮಲಗುತ್ತಿದ್ದ ಮಂಚದ ಮೇಲೆ ಯಾರದೋ ಮಗು ಮಲಗಿದೆ.

ಉಂಡೆ ಎಣಿಸುವ ಜವಾಬ್ದಾರಿ ನನ್ನದು. ನೂರ ತೊಂಬತ್ತಾರಕ್ಕೆ ನಿಲ್ಲಿಸದೆ, ಒಣಗಿದಾಗ ಕುಗ್ಗುತ್ತದೆ, ಅಂಚಿಗೆ ನಾಲ್ಕು ಬೆರಳು ಹೆಚ್ಚಿಗೆ ಇರಲಿ ಎಂದು ಇನ್ನೊಂದಿಷ್ಟು ಹಾಕಿಸಿದೆ. ಬಾಗಿಲ ಮೇಲೆ ಈ ಸಲ ಆರು ಜನ ಹತ್ತಿದೆವು. ಹಲಗೆ ಕಿರುಗುಟ್ಟಿತು. ಮನೆ ಓನರ್ ವೆಂಕಟಯ್ಯ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ, ಅದು ತಮ್ಮ ಬಾಗಿಲೆಂದು ಗೊತ್ತಾಗದೆ, “ಒಳ್ಳೆ ಹಲಗೆ, ಎಲ್ಲಿ ಸಿಕ್ತು?” ಎಂದು ಕೇಳಿ ಹೋದರು.

ಗಾಳಿಗೆ ಹಾಳೆ ಹಾರದ ಹಾಗೆ ಅಂಚಿನ ಸುತ್ತಲೂ ಭಾರ ಬೇಕಾಯಿತು. ಕಲ್ಲು ಸಾಲಲಿಲ್ಲ. ಪುಸ್ತಕದ ಕಟ್ಟುಗಳನ್ನು ಬಿಚ್ಚಿದೆ. ನನ್ನ ಕವನ ಸಂಕಲನಗಳೆಲ್ಲ ಹಪ್ಪಳದ ಸುತ್ತ ಬಿಸಿಲಲ್ಲಿ ಕೂತಿವೆ. ಕೆಲವಕ್ಕೆ ಹಲಸಿನ ಮೇಣ ಅಂಟಿದೆ, ಇನ್ನು ಅವು ಯಾವ ಪುಟದಲ್ಲಿ ತೆರೆದುಕೊಳ್ಳಬೇಕೆಂದು ತಾವೇ ನಿರ್ಧರಿಸುತ್ತವೆ.

ಮೇ 2

ಮೋಡ. ಎತ್ತಿ ಜಗಲಿಗೆ ತಂದೆವು. ಬಿಸಿಲು. ಇಳಿಸಿದೆವು. ಮೋಡ. ಎತ್ತಿದೆವು. ಬಿಸಿಲು. ಪ್ರೇಮಕ್ಕ ಆಕಾಶವನ್ನು ಬೈದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಮೇ 6

ಅಣ್ಣ ಫೋನ್ ಮಾಡಿದ್ದ. ಸಾಮಾನು ಕಟ್ಟಿಯಾಯಿತಾ ಎಂದ. ಹಪ್ಪಳವನ್ನು ಮಗುಚಬೇಕಿತ್ತು, ಎಲ್ಲರೂ ಕಾಯುತ್ತಿದ್ದರು. ಆಮೇಲೆ ಫೋನ್ ಮಾಡುತ್ತೇನೆಂದು ಇಟ್ಟೆ. ಮಾಡುವುದು ಮರೆತೆ.

ಮೇ 12

ಕೈ ನೋಯುತ್ತಿದೆ, ಆದರೂ ಬರೆಯಬೇಕು.

ಬೆಳಿಗ್ಗೆ ಹಪ್ಪಳವನ್ನು ಬಿದಿರ ತಟ್ಟಿಯ ಮೇಲಿಟ್ಟು, ಎಲ್ಲರೂ ತಲೆಯ ಮೇಲೆ ಹೊತ್ತು ಮೇನ್ ರೋಡಿನಲ್ಲಿ ಹೊರಟೆವು. ಅದರ ನೆರಳಿನಲ್ಲಿ ತಂಪಾಗಿತ್ತು. ದಾರಿಯಲ್ಲಿ ಒಬ್ಬ ಡಿಶ್ ಆಂಟೆನಾ ಎಂದುಕೊಂಡು, “ಎಷ್ಟು ಚಾನೆಲ್ ಬರ್ತದೆ ಅಕ್ಕ?” ಎಂದ. “ಒಂದೇ. ಕರಿದ್ರೆ ಮಾತ್ರ ಬರೋದು” ಎಂದರು ಪ್ರೇಮಕ್ಕ.

ಬಸ್ ಸ್ಟ್ಯಾಂಡಿನಲ್ಲಿ ಪರಮಶಿವಯ್ಯ ಆಗಲೇ ಮುತ್ತಿನಕೊಪ್ಪದ ಚಕ್ಕುಲಿಯ ಪಕ್ಕ ಮಂಡಿಯೂರಿದ್ದರು. ಹೊರತುದಿಯಿಂದ ದಾರ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬಂದು ದಾರಿ ತಪ್ಪಿದ್ದರು.

“ಇದರ ಗಡಿ ಒಳಗೇ ನುಗ್ಗಿದೆಯಲ್ಲಮ್ಮ. ಯಾವುದು ಒಳಗು, ಯಾವುದು ಹೊರಗು? ತುಂಬ ಸಂದು ಬೇರೆ.”

ಯಮುನಮ್ಮ ಸೊಂಟಕ್ಕೆ ಕೈ ಇಟ್ಟರು. “ಸಂದಿಲ್ಲದ ಚಕ್ಕುಲಿ ತಿಂದಿದ್ದೀರ ನೀವು?”

ಪರಮಶಿವಯ್ಯ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಎದ್ದು ನಮ್ಮ ಕಡೆ ಬಂದರು. ಟೇಪು ಸುತ್ತ ಹಾಕಿದರು, ಅಡ್ಡ ಹಿಡಿದರು. ಕುಗ್ಗಿ ಕುಗ್ಗಿಯೂ ಏಳು ಅಡಿಗಿಂತ ಒಂದು ಬೆರಳು ಹೆಚ್ಚಿಗೇ ಇತ್ತು. ಪ್ರೇಮಕ್ಕ ನನ್ನ ಕೈ ಹಿಡಿದರು.

“ದೊಡ್ಡದಿದೆ, ಒಪ್ಪಿದೆ” ಎಂದರು ಪರಮಶಿವಯ್ಯ. “ಆದರೆ ಮಳಿಗೆ ಅಗಲ ಮೂರೂವರೆ ಅಡಿ. ಇದು ಏಳು. ಒಳಗೇ ಹೋಗದ ಸರಕು ಮಳಿಗೆಗೆ ಸಮ ಹೇಗಾಯ್ತು? ಇವರ ಅರ್ಜಿ…”

ಪ್ರೇಮಕ್ಕನ ಕೈ ಸಡಿಲವಾಯಿತು. ಅವರು ಬುಟ್ಟಿ ಇಡುತ್ತಿದ್ದ ಮೆಟ್ಟಿಲನ್ನು ನೋಡುತ್ತಿದ್ದರು.

“ಹೋಗ್ತದೆ” ಎಂದಿತು ಒಂದು ದನಿ. ನನ್ನದೇ.

ಹೇಗೆಂದು ಹೇಳುವಾಗ ನನಗೂ ಪೂರ್ತಿ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ ಗೊತ್ತಾಯಿತು. ದುಂಡಗಿನದನ್ನು ನಡುವಿನಿಂದ ಅಂಚಿಗೆ ತುಂಡು ತುಂಡು ಮಾಡಿ, ಒಂದರ ಚೂಪು ಮೇಲೆ, ಪಕ್ಕದ್ದರ ಚೂಪು ಕೆಳಗೆ, ಹಲ್ಲಿಗೆ ಹಲ್ಲು ಕೂರಿಸುತ್ತ ಹೋದರೆ ಉದ್ದನೆಯ ಪಟ್ಟಿಯಾಗುತ್ತದೆ. ಅರ್ಧ ಅಂಚು ಆ ಬದಿಗೆ, ಅರ್ಧ ಅಂಚು ಈ ಬದಿಗೆ. ಇಪ್ಪತ್ತೆರಡರ ಅರ್ಧ ಹನ್ನೊಂದು. ಅಗಲ, ನಡುವಿನಿಂದ ಅಂಚಿಗೆ ಇರುವಷ್ಟು, ಮೂರೂವರೆ. ಹನ್ನೊಂದು, ಮೂರೂವರೆ! ಮಳಿಗೆಯೂ ಅಷ್ಟೇ!

ಹಪ್ಪಳ ಒಡೆಯಬೇಕೆಂದು ಎಲ್ಲರಿಗೂ ಅರ್ಥವಾಗಿತ್ತು. ಒಡೆದ ಮೇಲೆ ಲೆಕ್ಕ ತಪ್ಪಿದರೆ ಹಪ್ಪಳವೂ ಇಲ್ಲ, ಮಳಿಗೆಯೂ ಇಲ್ಲ.

“ಹೋದ ಸಲ ಹದಿನಾಲ್ಕು ಉಂಡೆಗೂ ತಲೆಯಾಡಿಸಿದ್ರಿ” ಎಂದರು ಪ್ರೇಮಕ್ಕ, ನನಗೆ ಮಾತ್ರ ಕೇಳುವಷ್ಟು.

“ಹೌದು.”

“ಈ ಸಲ?”

“ಈ ಸಲ ಸರಿಯಿದೆ.”

ಅವರು ಸೆರಗು ಸಿಕ್ಕಿಸಿ, ಕತ್ತಿ ತೆಗೆದು, ತಾವೇ ಮೊದಲ ಗೆರೆ ಎಳೆದರು.

ಎಂಟು ತುಂಡು ಮಾಡಿ ಮಳಿಗೆಯೊಳಗೆ ಜೋಡಿಸಿದೆವು. ಪರಮಶಿವಯ್ಯ ಬಗ್ಗಿ, “ಅಂಚು ಅಲೆ ಅಲೆ ಇದೆ” ಎಂದರು. ಇನ್ನಷ್ಟು ಸಣ್ಣ ಮಾಡಿದರೆ ನೇರವಾಗುತ್ತದೆ ಎಂದೆ. ಹದಿನಾರು ಮಾಡಿದೆವು. “ಸುಮಾರು” ಎಂದರು. ಮೂವತ್ತೆರಡು. “ಈಗ ನೇರಕ್ಕೆ ಬರ್ತಾ ಇದೆ, ಬಿಡಬೇಡಿ!” ಎನ್ನುತ್ತ ತಾವೇ ಚಪ್ಪಲಿ ಬಿಟ್ಟು ಒಳಗೆ ಬಂದು ಚೂಪು ತುಂಡುಗಳನ್ನು ಕೂರಿಸತೊಡಗಿದರು. ಹೊರಗೆ ಜನ. ಶೃಂಗೇರಿ ಬಸ್ಸಿನ ಕಂಡಕ್ಟರ್ ಭೈರಪ್ಪ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತಿದ್ದ. ಯಮುನಮ್ಮನೂ ಬಂದು, “ಆ ತುಂಡು ತಿರುಗಾ ಮುರುಗಾ ಆಗಿದೆ, ಈ ಕಡೆ ಹಾಕಿ” ಎಂದು ತಿದ್ದುತ್ತಿದ್ದರು. ಕೊನೆಯ ತುಂಡನ್ನು ಉದ್ದಕ್ಕೆ ಸೀಳಿ ಎರಡು ತುದಿಗೂ ಒಂದೊಂದು ಇಟ್ಟ ಮೇಲೆ ನೆಲ ಕಾಣಿಸಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಬರೀ ಹಪ್ಪಳ. ಹೆಚ್ಚಿಗೆ ಹಾಕಿಸಿದ್ದರಲ್ಲಿ ಅಂಗೈಯಷ್ಟು ಚೂರು ಮಾತ್ರ ಪರಮಶಿವಯ್ಯನವರ ಕೈಯಲ್ಲಿ ಉಳಿದಿತ್ತು.

“ಇದಕ್ಕೆ ಜಾಗವಿಲ್ಲ.”

“ಅದು ವಿಸ್ತೀರ್ಣದಲ್ಲಿ ಬರಲ್ಲ, ತಿನ್ನಿ ಸ್ವಾಮಿ” ಎಂದರು ಪ್ರೇಮಕ್ಕ.

ಕರಿಯದ ಹಪ್ಪಳವನ್ನು ಅವರು ನಿಂತಲ್ಲೇ ಅಗಿದರು. ಕಣ್ಣು ಮುಚ್ಚಿದರು. “ಖಾರ ಸರಿಯಾಗಿದೆ” ಎಂದು ಪೆನ್ನು ತೆಗೆದರು. ಆಮೇಲೆ, ಪಕ್ಕದಲ್ಲಿದ್ದ ನನ್ನನ್ನು ನೋಡಿ, “ಎಲ್ಲಾ ವೃತ್ತಕ್ಕೂ ಹೀಗೇ ಆಗ್ತದಾ?” ಎಂದು ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಳಿಗೆ ಪ್ರೇಮಕ್ಕನದು. ಅವರು ಅಳಲಿಲ್ಲ. ಒಳಗೆ ಕಾಲಿಡಲು ಜಾಗವಿಲ್ಲದೆ ಹೊಸ್ತಿಲ ಹೊರಗೇ ಬಹಳ ಹೊತ್ತು ನಿಂತಿದ್ದರು.

ಮೇ 16

ಮಳಿಗೆಗೆ ದಿನಾ ಹೋಗಿ ಬರುತ್ತಿದ್ದೇನೆ. ಮುರಿದ ಹಪ್ಪಳವೆಲ್ಲ ಕರಿದು ಖಾಲಿಯಾಯಿತು. ಒಂದು ಅಡಿಯ ಹಪ್ಪಳಕ್ಕೆ ಎರಡೇ ಉಂಡೆ ಇರಲಿ ಎಂದು ತೀರ್ಮಾನಿಸಿದೆವು. ಒಳತುದಿಯ ಮೊಳೆಗೆ ಯಮುನಮ್ಮನ ಚಕ್ಕುಲಿ ನೇತುಹಾಕಿದ್ದಾರೆ. ನನ್ನ ಬಾಗಿಲು ಅಲ್ಲೇ ಎರಡು ಸ್ಟೂಲುಗಳ ಮೇಲೆ ಉದ್ದಕ್ಕೆ ಮಲಗಿ ಕೌಂಟರ್ ಆಗಿದೆ. ಹೊದಿಕೆಯನ್ನು ಒಗೆಯಲು ಹಾಕಿದ್ದೆ, ಮತ್ತೆ ಕಟ್ಟುವುದು ಮರೆತುಹೋಯಿತು.

ಮೇ 20

ಅಣ್ಣ ಜೀಪು ತಂದ. ಪುಸ್ತಕಗಳು ಇನ್ನೂ ಮೇಣ ಬಿಡಿಸಿಕೊಳ್ಳುತ್ತ ಬಿಸಿಲಲ್ಲಿದ್ದವು. “ಇದೆಂತ ಅವಸ್ಥೆ ಗೋದಾವರಿ? ಬಾಗಿಲೇ ಇಲ್ಲವಲ್ಲ!” ಎಂದ. ಇಲ್ಲ ಎಂದೆ. ಈ ತಿಂಗಳು ಆಗಲಿಕ್ಕಿಲ್ಲ, ಸಂಘಕ್ಕೆ ಹಪ್ಪಳ ಒತ್ತುವ ಹೊಸ ಮಣೆಯ ಅಳತೆ ಹಾಕಿಕೊಡಬೇಕು ಎಂದೆ. ಬರಿಗೈಯಲ್ಲಿ ಹೋಗಬಾರದೆಂದು ಎರಡು ಕಟ್ಟು ಹಪ್ಪಳ ಕೊಟ್ಟು ಕಳಿಸಿದೆ. ಮುಂದಿನ ತಿಂಗಳ ಮಾತು ಅವನೂ ಕೇಳಲಿಲ್ಲ, ನನಗೂ ತೋಚಲಿಲ್ಲ.

ಆ ಸಾಲಿನ ಹಿಂದುಮುಂದಿನದು ಸಿಗಲೇ ಇಲ್ಲ. ಹುಡುಕುವುದನ್ನು ಯಾವಾಗ ಬಿಟ್ಟೆನೋ.

ಮೇ 24

ಮಳಿಗೆಗೆ ಹೊಸ ಕೌಂಟರ್ ಬಂತು. ಸಂಜೆ ವೃಷಭೇಂದ್ರಪ್ಪನವರು ಬಾಗಿಲನ್ನು ಹೊತ್ತು ತಂದು ಕೀಲಿಗೆ ಕೂರಿಸಿದರು. ಎಣ್ಣೆ ಕುಡಿದು, ನೀರು ಕುಡಿದು, ನಮ್ಮೆಲ್ಲರ ಭಾರ ಹೊತ್ತು ಅದು ನಡುವೆ ಬಾಗಿದೆ. ತಳ್ಳಿದರೂ ಚೌಕಟ್ಟಿಗೆ ಬರುವುದಿಲ್ಲ. ಒಂದು ಗೇಣು ತೆರೆದೇ ನಿಲ್ಲುತ್ತದೆ, ಒಳಗೆಲ್ಲ ಹಲಸಿನ ಖಾರದ ವಾಸನೆ. ನಾನು ಭುಜ ಕೊಟ್ಟು ದೂಡುತ್ತಿದ್ದೆ. ಪ್ರೇಮಕ್ಕ ಹೊರಗಿನಿಂದ ಆ ಸಂದಿನಲ್ಲಿ ಮುಖ ಇಟ್ಟು ಹೇಳಿದರು:

“ಮುಚ್ಚಕ್ಕಾಗಲ್ಲ, ಅಷ್ಟೇ ಗೋದಕ್ಕಾ. ಅದೊಂದು ಬಿಟ್ರೆ ಬಾಗಿಲಿಗೆ ಎಂತದೂ ಆಗಿಲ್ಲ.”